ಉಮ್ ಅಲ್-ಹಿರಾನ್: ಹೊಸ್ತಿಲ ತನಕ ಬಂದು ವಾಪಸ್ ಹೋದ ಮಾನ್ಯತೆ

2024ರ ನವೆಂಬರ್ 14ರ ಬೆಳಗ್ಗೆ ಇಸ್ರೇಲ್‌ನ ನೆಗೆವ್ ಮರುಭೂಮಿಯಲ್ಲಿ ಪೊಲೀಸರ ಕಾವಲಿನಲ್ಲಿ ಒಂದು ಮಸೀದಿಯನ್ನು ಕೆಡವಿದರು. ಆ ಊರಲ್ಲಿ ಅಷ್ಟೊತ್ತಿಗೆ ಉಳಿದಿದ್ದ ಕಟ್ಟಡ ಅದೊಂದೇ. ಮನೆಗಳನ್ನು ಅಲ್ಲಿದ್ದವರೇ ಹಿಂದಿನ ದಿನಗಳಲ್ಲಿ ತಮ್ಮ ಕೈಯಾರೆ ಕೆಡವಿ, ಸಾಮಾನು ತುಂಬಿಕೊಂಡು ಹೋಗಿದ್ದರು. ಸರ್ಕಾರ ಬಂದು ಕೆಡವಿದರೆ ಅದರ ಖರ್ಚನ್ನೂ ಮನೆಯವರ ಮೇಲೆಯೇ ಹಾಕಬಹುದು. ಹಾಗಾಗಿ ನೆಗೆವ್‌ನಲ್ಲಿ ಎಷ್ಟೋ ಜನ ಬುಲ್ಡೋಜರ್ ಬರುವ ಮೊದಲೇ ತಮ್ಮ ಮನೆಯನ್ನು ತಾವೇ ಕೆಡವಿಕೊಳ್ಳುತ್ತಾರೆ.

ಆ ಊರು ಉಮ್ ಅಲ್-ಹಿರಾನ್. ಬೆದೂಯಿನ್ ಅರಬರ, ಅಂದರೆ ಹಿಂದೆ ಮರುಭೂಮಿಯಲ್ಲಿ ಕುರಿ ಒಂಟೆ ಮೇಯಿಸುತ್ತಾ ಅಲೆಯುತ್ತಿದ್ದ ಅರಬರ ಊರು. ಅಬು ಅಲ್-ಕಿಯಾನ್ ಎಂಬ ಕುಲದವರು 1956ರಿಂದ ಅಲ್ಲಿ ಬದುಕಿದ್ದರು. ಪಕ್ಕದ ಅತೀರ್ ಕೂಡ ಅದೇ ಕುಲದವರದ್ದು. ಎರಡೂ ಸೇರಿ ಸುಮಾರು ಸಾವಿರ ಜನ. ಎಲ್ಲರೂ ಇಸ್ರೇಲ್‌ನ ಪ್ರಜೆಗಳು, ಮತ ಹಾಕುವವರು. ಆದರೆ ಸರ್ಕಾರದ ಯೋಜನಾ ನಕ್ಷೆಯಲ್ಲಿ ಅವರ ಊರು ಇರಲೇ ಇಲ್ಲ.

ನೆಗೆವ್‌ನಲ್ಲಿ ಇಂಥ ಮಾನ್ಯತೆ ಇಲ್ಲದ ಊರುಗಳು ಮೂವತ್ತಕ್ಕೂ ಜಾಸ್ತಿ ಇವೆ. ಅಷ್ಟರಲ್ಲಿ ಇದನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಕೆಲವು ಊರುಗಳಿಗೆ ಮಾನ್ಯತೆ ಸಿಕ್ಕಿದೆ. ಬಹಳಷ್ಟು ಊರುಗಳ ಅರ್ಜಿಯನ್ನು ಯಾರೂ ಗಂಭೀರವಾಗಿ ನೋಡಿಯೇ ಇಲ್ಲ. ಉಮ್ ಅಲ್-ಹಿರಾನ್ ಕಥೆ ಬೇರೆ. ಅದಕ್ಕೆ ಮಾನ್ಯತೆ ಕೊಡಬಹುದು ಎಂದು ಸರ್ಕಾರದ ಯೋಜನಾ ಸಮಿತಿಯೇ ಒಮ್ಮೆ ಒಪ್ಪಿತ್ತು. ಆಮೇಲೆ ಆ ಒಪ್ಪಿಗೆ ವಾಪಸ್ ಹೋಯಿತು. ಒಂದು ಊರನ್ನು ನಕ್ಷೆಗೆ ಸೇರಿಸುವುದು, ಬಿಡುವುದು ಎಲ್ಲಿ, ಯಾರ ಕೈಯಲ್ಲಿ ನಿರ್ಧಾರವಾಗುತ್ತದೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮಾನ್ಯತೆ ಇಲ್ಲ ಅಂದರೆ ಏನೇನಿಲ್ಲ

ಇಸ್ರೇಲ್‌ನಲ್ಲಿ 1965ರಲ್ಲಿ ಯೋಜನೆ ಮತ್ತು ಕಟ್ಟಡ ಕಾನೂನು ಬಂತು. ದೇಶದ ಪ್ರತಿ ತುಂಡು ಜಮೀನು ಯಾವುದಕ್ಕೆ ಎಂದು ಗುರುತು ಮಾಡಿದ ಕಾನೂನು ಅದು. ಇಲ್ಲಿ ಊರು, ಇಲ್ಲಿ ಹೊಲ, ಇಲ್ಲಿ ಕಾಡು, ಇಲ್ಲಿ ಸೇನೆಯ ತರಬೇತಿ ಜಾಗ. ಆಗಲೇ ಜನ ಬದುಕಿದ್ದ ಬೆದೂಯಿನ್ ಹಳ್ಳಿಗಳು ಈ ಪಟ್ಟಿಗೆ ಸೇರಲಿಲ್ಲ. ಊರೆಂದು ಗುರುತಾಗದ ಜಾಗದಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವಂತಿಲ್ಲ. ಪರವಾನಗಿ ಇಲ್ಲದ ಮನೆಗೆ ವಿದ್ಯುತ್, ನೀರು, ಫೋನ್ ಸಂಪರ್ಕ ಕೊಡುವುದನ್ನೂ ಕಾನೂನು ತಡೆಯುತ್ತದೆ. ಜೊತೆಗೆ ಅಂಥ ಮನೆಗೆ ಯಾವಾಗ ಬೇಕಾದರೂ ಕೆಡಹುವ ಆದೇಶ ಬರಬಹುದು.

ಪರವಾನಗಿ ತಗೊಂಡು ಕಟ್ಟಬಹುದಿತ್ತಲ್ಲ ಎಂದು ಕೇಳುವವರು ಇಲ್ಲೊಂದು ನಿಮಿಷ ನಿಲ್ಲಬೇಕು. ಅರ್ಜಿ ಹಾಕಲು ಕಚೇರಿ ಇದೆ, ಕೊಡಲು ನಕ್ಷೆಯೇ ಇಲ್ಲ. ಅಪ್ಪನ ಮನೆಯೂ ಅಕ್ರಮ, ಮದುವೆಯಾದ ಮಗ ಪಕ್ಕದಲ್ಲಿ ಹಾಕಿಕೊಂಡ ಕೋಣೆಯೂ ಅಕ್ರಮ, ಕುರಿ ದೊಡ್ಡಿಯೂ ಅಕ್ರಮ.

ದಿನದ ಬದುಕಿನಲ್ಲಿ ಇದು ಹೀಗೆ ಕಾಣುತ್ತದೆ. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಬೋರ್ಡ್ ಇಲ್ಲ, ಡಾಂಬರು ಇಲ್ಲ. ಮನೆಗಳು ಸಿಮೆಂಟ್ ಬ್ಲಾಕ್ ಮತ್ತು ತಗಡಿನವು. ಸೂರಿನ ಮೇಲೆ ಸೋಲಾರ್ ಫಲಕ, ಪಕ್ಕದಲ್ಲಿ ಡೀಸೆಲ್ ಜನರೇಟರ್. ನೀರು ದೂರದ ಪೈಪ್‌ನಿಂದ ಟ್ಯಾಂಕರ್‌ನಲ್ಲಿ ಬರಬೇಕು. ನಗರದವರು ನಲ್ಲಿ ತಿರುಗಿಸಿ ಕುಡಿಯುವ ನೀರಿಗೆ ಇವರು ಹಲವು ಪಟ್ಟು ಜಾಸ್ತಿ ಕೊಡಬೇಕು. ಗುರುತಿನ ಚೀಟಿಯಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಊರಿನ ಹೆಸರು ಬರೆಯುವಂತಿಲ್ಲ, ಕುಲದ ಹೆಸರು ಬರೆಯುತ್ತಾರೆ. ಕಾಗದ ಪತ್ರ ಬೇಕೆಂದರೆ ಬೇರೆ ಊರಿನ ಅಂಚೆ ಪೆಟ್ಟಿಗೆಗೆ ಹೋಗಿ ತರಬೇಕು. ಉಮ್ ಅಲ್-ಹಿರಾನ್ ಮಕ್ಕಳ ಶಾಲೆ ಹುರಾ ಪಟ್ಟಣದಲ್ಲಿತ್ತು.

ಅಲ್ಲಿಗೆ ಅವರನ್ನು ತಂದವರು ಯಾರು

ಪ್ರಕರಣದ ಜೀವ ಇಲ್ಲಿದೆ. ಸ್ವಲ್ಪ ನಿಧಾನವಾಗಿ ನೋಡೋಣ.

1948ರ ಯುದ್ಧಕ್ಕೆ ಮೊದಲು ಅಬು ಅಲ್-ಕಿಯಾನ್ ಕುಲ ವಾಯವ್ಯ ನೆಗೆವ್‌ನ ಖಿರ್ಬೆತ್ ಜುಬಾಲಾ ಎಂಬಲ್ಲಿತ್ತು. ಬೇಸಾಯ ಮಾಡಿ, ಕುರಿ ಮೇಕೆ ಸಾಕಿ ಬದುಕುತ್ತಿದ್ದರು. ಯುದ್ಧವಾಗಿ ಇಸ್ರೇಲ್ ಹುಟ್ಟಿದಾಗ ನೆಗೆವ್‌ನ ಬಹುಪಾಲು ಬೆದೂಯಿನ್ನರು ಗಡಿ ದಾಟಿ ಹೋದರು, ಇಲ್ಲವೇ ಹೊರದೂಡಲ್ಪಟ್ಟರು. ಉಳಿದವರು ಸುಮಾರು 11,000. ಉಳಿದವರಲ್ಲಿ ಬಹಳಷ್ಟು ಜನರನ್ನು ಬೀರ್‌ಶೆಬಾ, ಅರಾದ್, ಡಿಮೋನಾ ಪಟ್ಟಣಗಳ ನಡುವಿನ ಸಿಯಾಗ್ ಎಂಬ ಪ್ರದೇಶದಲ್ಲಿ ಒಟ್ಟುಮಾಡಿದರು. 1966ರ ತನಕ ಅಲ್ಲಿ ಸೇನಾ ಆಡಳಿತ. ಹೊರಗೆ ಹೋಗಬೇಕೆಂದರೆ ಪರವಾನಗಿ ಚೀಟಿ ಬೇಕು.

ಅಬು ಅಲ್-ಕಿಯಾನ್ ಕುಲಕ್ಕೂ ಜುಬಾಲಾ ಬಿಡುವಂತೆ ಆದೇಶವಾಯಿತು. ಒಂದು ಜಾಗದಿಂದ ಇನ್ನೊಂದಕ್ಕೆ ಅಲೆದರು. ವಾಪಸ್ ಹೋಗುತ್ತೇವೆ ಎಂದು ಕೇಳಿದರು, ಒಪ್ಪಿಗೆ ಸಿಗಲಿಲ್ಲ. ಅವರ ಹಳೆಯ ಜಮೀನು ಶೋವಾಲ್ ಎಂಬ ಕಿಬ್ಬುತ್ಸ್‌ಗೆ, ಅಂದರೆ ಯಹೂದಿಗಳ ಸಾಮೂಹಿಕ ಬೇಸಾಯದ ಊರಿಗೆ ಸೇರಿತು. ಕೊನೆಗೆ 1956ರಲ್ಲಿ ಸೇನಾ ಗವರ್ನರ್ ಅವರನ್ನು ಅತೀರ್ ಕಣಿವೆಗೆ ಕಳಿಸಿದರು. 7,000 ದುನಮ್, ಅಂದರೆ ಸುಮಾರು 1,700 ಎಕರೆ ಜಮೀನನ್ನು ಗುತ್ತಿಗೆಗೆ ಕೊಟ್ಟರು. ಪಶ್ಚಿಮ ದಂಡೆಯ (ವೆಸ್ಟ್ ಬ್ಯಾಂಕ್) ಗಡಿಗೆ ಹತ್ತಿರದ ಒಣ ಗುಡ್ಡಗಾಡು ಅದು. ಈಗ ಪಕ್ಕದಲ್ಲಿ ಯತೀರ್ ಅರಣ್ಯ ಇದೆ. ಆ ಮರಗಳನ್ನು ನೆಡಲು ಶುರು ಮಾಡಿದ್ದು 1964ರಲ್ಲಿ. ಅಂದರೆ ಕಾಡಿಗಿಂತ ಊರು ಹಳೆಯದು.

ನೆಗೆವ್‌ನ ಬೇರೆ ಬೆದೂಯಿನ್ ಪ್ರಕರಣಗಳಲ್ಲಿ ಜಗಳ ಸಾಮಾನ್ಯವಾಗಿ ಒಡೆತನದ್ದು. ಅಜ್ಜನ ಕಾಲದಿಂದ ಉತ್ತಿದ್ದೇವೆ ಎಂದು ಇವರು, ದಾಖಲೆ ತೋರಿಸಿ ಎಂದು ಸರ್ಕಾರ. 1858ರ ಒಟ್ಟೋಮನ್ ಭೂ ಕಾನೂನಿನ ತನಕ ವಾದ ಹೋಗುತ್ತದೆ. ಬೆದೂಯಿನ್ನರು ಆ ಕಾಲದಲ್ಲಿ ಜಮೀನು ನೋಂದಣಿ ಮಾಡಿಸಿದ್ದು ಕಡಿಮೆ, ಹಾಗಾಗಿ ಕೋರ್ಟಿನಲ್ಲಿ ಸೋಲುವುದೇ ಹೆಚ್ಚು. ಉಮ್ ಅಲ್-ಹಿರಾನ್‌ನಲ್ಲಿ ಈ ಜಗಳವೇ ಇಲ್ಲ. ಜಮೀನು ಸರ್ಕಾರದ್ದು ಎಂಬುದನ್ನು ಎರಡೂ ಕಡೆಯವರು ಒಪ್ಪಿದ್ದರು. ಅಲ್ಲಿ ಅವರನ್ನು ಕೂರಿಸಿದ್ದೂ ಅದೇ ಸರ್ಕಾರ. ಉಳಿದ ಪ್ರಶ್ನೆ ಒಂದೇ: ಕೂರಿಸಿದ ಜಾಗಕ್ಕೆ ಊರೆಂದು ಹೆಸರು ಕೊಡುತ್ತೀರಾ, ಇಲ್ಲವಾ?

ಅದೇ ಜಾಗದಲ್ಲಿ ಇನ್ನೊಂದು ಊರು

ಸುಮಾರು ನಾಲ್ಕು ದಶಕ ಯಾರೂ ಅವರನ್ನು ಅಲ್ಲಾಡಿಸಲಿಲ್ಲ. ಈ ನಡುವೆ ಸರ್ಕಾರ ಬೆದೂಯಿನ್ನರಿಗೆಂದು ಏಳು ಪಟ್ಟಣ ಕಟ್ಟಿತು. ತೆಲ್ ಶೆವಾ ಮೊದಲನೆಯದು, ರಾಹತ್ ಅತಿ ದೊಡ್ಡದು. ಹುರಾ 1989ರಲ್ಲಿ ಬಂತು. ಅಬು ಅಲ್-ಕಿಯಾನ್ ಕುಲದ ಬಹಳಷ್ಟು ಜನ ಹುರಾಕ್ಕೆ ಹೋದರು. ಉಳಿದವರು ಊರು ಬಿಡಲಿಲ್ಲ.

2002ರಲ್ಲಿ ಸರ್ಕಾರ ನೆಗೆವ್‌ನಲ್ಲಿ ಕೆಲವು ಹೊಸ ಊರುಗಳನ್ನು ಕಟ್ಟುವ ತೀರ್ಮಾನ ಮಾಡಿತು. ಅದರಲ್ಲಿ ಒಂದು ಹಿರಾನ್. ಯಹೂದಿ ಕುಟುಂಬಗಳಿಗಾಗಿ ಯೋಚಿಸಿದ ಊರು ಅದು. ನಕ್ಷೆಯಲ್ಲಿ ಅದರ ಜಾಗ ನೋಡಿದರೆ ಸರಿಯಾಗಿ ಉಮ್ ಅಲ್-ಹಿರಾನ್ ಮನೆಗಳ ಮೇಲೆಯೇ ಬರುತ್ತಿತ್ತು.

ಅದರ ಬೆನ್ನಿಗೇ ಕೋರ್ಟ್ ಕಾಗದಗಳು ಶುರುವಾದವು. 2003ರಲ್ಲಿ ಮನೆ ಕೆಡಹುವ ಆದೇಶಗಳು ಬಂದವು. ಅವನ್ನು ತಂದಿದ್ದು ಊರಿನವರ ಮಾತು ಕೇಳದೆ, ಏಕಪಕ್ಷೀಯವಾಗಿ. ಅಲ್ಲಿರುವವರು ಯಾರೆಂದು ಗುರುತಿಸಲು ಆಗುವುದಿಲ್ಲ ಎಂದು ಸರ್ಕಾರ ಕೋರ್ಟಿಗೆ ಹೇಳಿತ್ತು. ಆದರೆ ಅದೇ ಹೊತ್ತಿನಲ್ಲಿ ಅದೇ ಸರ್ಕಾರ ಅವರನ್ನು ಒಕ್ಕಲೆಬ್ಬಿಸಲು ಬೇರೆ ದಾವೆ ಹೂಡಿತು. ಅದರಲ್ಲಿ ಒಬ್ಬೊಬ್ಬರ ಹೆಸರೂ ಇತ್ತು. ಊರಿನವರ ಪರವಾಗಿ ವಾದಿಸಿದ ಅದಾಲಾ ಎಂಬ ಕಾನೂನು ಸಂಸ್ಥೆ ಈ ಎರಡು ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸಿತು. ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದು. ಕೆಡಹುವಾಗ ಅವರು ಯಾರೋ ಗೊತ್ತಿಲ್ಲ, ಹೊರಹಾಕುವಾಗ ಹೆಸರು ಹಿಡಿದು ಗೊತ್ತು.

2010: ಹೌದು, ಆಮೇಲೆ ಇಲ್ಲ

ಮಾನ್ಯತೆಯ ಮಟ್ಟಿಗೆ ಆ ದಶಕದಲ್ಲಿ ಗಾಳಿ ಸ್ವಲ್ಪ ಬದಲಾಗಿತ್ತು. 1997ರಲ್ಲಿ ಮಾನ್ಯತೆ ಇಲ್ಲದ ಹಳ್ಳಿಗಳು ಸೇರಿ ತಮ್ಮದೇ ಒಂದು ಪ್ರಾದೇಶಿಕ ಮಂಡಳಿ ಮಾಡಿಕೊಂಡಿದ್ದವು. 2003ರ ನಂತರ ಸರ್ಕಾರ ಅಬು ಬಸ್ಮಾ ಎಂಬ ಆಡಳಿತ ಮಂಡಳಿ ಮಾಡಿ, ಅದರಡಿ ಸುಮಾರು ಹತ್ತು ಹಳ್ಳಿಗಳಿಗೆ ಮಾನ್ಯತೆ ಕೊಟ್ಟಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಲಿಯೆಜರ್ ಗೋಲ್ಡ್‌ಬರ್ಗ್ ಅವರ ಆಯೋಗ 2008ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಸಾಧ್ಯವಾದಷ್ಟು ಹಳ್ಳಿಗಳಿಗೆ ಇರುವಲ್ಲೇ ಮಾನ್ಯತೆ ಕೊಡಿ ಎಂಬುದು ಅದರ ಶಿಫಾರಸು.

ಅದೇ ಕಾಲಕ್ಕೆ ಬೀರ್‌ಶೆಬಾ ಮಹಾನಗರ ಪ್ರದೇಶದ ಹೊಸ ಯೋಜನೆ ತಯಾರಾಗುತ್ತಿತ್ತು. ಹಳ್ಳಿಗಳ ಪರವಾಗಿ ಆಕ್ಷೇಪಗಳು ಸಲ್ಲಿಕೆಯಾದವು. ಅವನ್ನು ವಿಚಾರಣೆ ಮಾಡಿದ ಮೇಲೆ 2010ರಲ್ಲಿ ರಾಷ್ಟ್ರೀಯ ಯೋಜನಾ ಮಂಡಳಿಯ ಸಮಿತಿ ಅತೀರ್ ಮತ್ತು ಉಮ್ ಅಲ್-ಹಿರಾನ್‌ಗೆ ಮಾನ್ಯತೆ ಕೊಡುವ ಕಡೆ ನಿಂತಿತು. ಐವತ್ತು ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ನಕ್ಷೆ ಮಾಡುವವರೇ ಇಲ್ಲಿ ಊರು ಇರಬಹುದು ಎಂದಿದ್ದರು.

ಅದು ಬಹಳ ದಿನ ಬಾಳಲಿಲ್ಲ. ಮರುಪರಿಶೀಲನೆ ಮಾಡಿ ಎಂದು ಪ್ರಧಾನಿ ಕಚೇರಿ ಕೇಳಿತು. ಸಮಿತಿ ನಿರ್ಧಾರ ಬದಲಿಸಿತು. ಹಿರಾನ್ ಯೋಜನೆ ಅದೇ ಜಾಗದಲ್ಲಿ ಮುಂದುವರಿಯಿತು.

ಈ ಪ್ರಕರಣದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಮುಂದಿನ ಸುಪ್ರೀಂ ಕೋರ್ಟ್ ತೀರ್ಪನ್ನು ಹಿಡಿದು ಮಾತಾಡುತ್ತಾರೆ. ನನ್ನ ಪ್ರಕಾರ ಊರಿನ ಹಣೆಬರಹ ನಿರ್ಧಾರವಾಗಿದ್ದು ಈ ಸಮಿತಿಯ ಕೋಣೆಯಲ್ಲಿ. ಇಲ್ಲಿ ಹೌದು ಎಂಬುದು ಉಳಿದಿದ್ದರೆ ಪರವಾನಗಿಗೆ ದಾರಿ ಇರುತ್ತಿತ್ತು, ಆದೇಶಗಳ ಬುಡವೇ ಅಲ್ಲಾಡುತ್ತಿತ್ತು. ಸುಪ್ರೀಂ ಕೋರ್ಟಿಗೆ ಹೋಗುವ ಹೊತ್ತಿಗೆ ಕೈಯಲ್ಲಿ ನಕ್ಷೆ ಇರಲಿಲ್ಲ.

ಕೋರ್ಟು ಹೇಳಿದ್ದು

ಬೀರ್‌ಶೆಬಾದ ಕೆಳ ಕೋರ್ಟ್ ಒಂದು ವಿಷಯವನ್ನು ಒಪ್ಪಿಕೊಂಡಿತು. ಇವರು ಅತಿಕ್ರಮಣಕಾರರಲ್ಲ, ಸರ್ಕಾರದ ಅನುಮತಿಯಿಂದಲೇ ಅಲ್ಲಿದ್ದಾರೆ. ಮೊದಲು ಸರ್ಕಾರ ಅವರನ್ನು ಅಕ್ರಮವಾಗಿ ಬಂದವರು ಎಂದೇ ವಾದಿಸಿತ್ತು. ಅಷ್ಟರ ಮಟ್ಟಿಗೆ ಇದು ಗೆಲುವು. ಆದರೆ ಕೋರ್ಟ್ ಮುಂದಿನ ಮಾತು ಹೇಳಿತು. ಅನುಮತಿ ಅಂದರೆ ಹಕ್ಕಲ್ಲ, ಕೊಟ್ಟವರು ವಾಪಸ್ ತಗೊಳ್ಳಬಹುದು. ಜಿಲ್ಲಾ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು.

2015ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಸರ್ಕಾರದ ಪರ. ಬಹುಮತದ ತೀರ್ಪು ಬರೆದವರು ಎಲ್ಯಾಕಿಮ್ ರುಬಿನ್‌ಸ್ಟೈನ್. ಅವರ ವಾದ ಹೀಗಿತ್ತು: ಜಮೀನು ಸರ್ಕಾರದ್ದು, ಇವರಿಗೆ ಹುರಾದಲ್ಲಿ ನಿವೇಶನ ಮತ್ತು ಪರಿಹಾರ ಕೊಡುತ್ತಿದ್ದಾರೆ. ಹೊಸ ಹಿರಾನ್‌ನಲ್ಲಿ ಯಾರು ಬೇಕಾದರೂ ನಿವೇಶನ ಕೊಳ್ಳಬಹುದು, ಬೆದೂಯಿನ್ನರಿಗೂ ಬಾಗಿಲು ಮುಚ್ಚಿಲ್ಲ, ಆದ್ದರಿಂದ ಇದು ತಾರತಮ್ಯವಲ್ಲ.

ಸರ್ಕಾರದ ಕಡೆಯ ಮಾತನ್ನೂ ನ್ಯಾಯವಾಗಿ ಹೇಳಬೇಕು. ನೆಗೆವ್‌ನಲ್ಲಿ ಬೆದೂಯಿನ್ನರು ಈಗ 3 ಲಕ್ಷ ಮೀರಿದ್ದಾರೆ. ಚದುರಿದ ನೂರಾರು ಸಣ್ಣ ಗುಂಪುಗಳಿಗೆ ರಸ್ತೆ, ಚರಂಡಿ, ಶಾಲೆ, ಆಸ್ಪತ್ರೆ ಕೊಡುವುದು ಕಷ್ಟ, ಒಂದೆಡೆ ಸೇರಿದರೆ ಸೌಲಭ್ಯ ಸಿಗುತ್ತದೆ ಎಂಬುದು ಅದರ ನಿಲುವು. ಇದರಲ್ಲಿ ಹುರುಳಿಲ್ಲ ಅನ್ನಲಾಗದು. ಆದರೆ ಉಮ್ ಅಲ್-ಹಿರಾನ್‌ಗೆ ಈ ವಾದ ಹೇಗೆ ಹೊಂದುತ್ತದೆ? ಆ ಗುಡ್ಡದ ಮೇಲೆ ರಸ್ತೆ, ನೀರು, ವಿದ್ಯುತ್ ತರುವುದು ಅಸಾಧ್ಯ ಎಂದರೆ ಅದೇ ಗುಡ್ಡದ ಮೇಲೆ ಹಿರಾನ್‌ಗಾಗಿ ಯೋಜಿಸಿದ್ದ ಸುಮಾರು 2,400 ಮನೆಗಳಿಗೆ ಅವೆಲ್ಲ ಎಲ್ಲಿಂದ ಬರುತ್ತಿದ್ದವು?

ಭಿನ್ನಮತದ ತೀರ್ಪು ಬರೆದವರು ನ್ಯಾಯಮೂರ್ತಿ ಡಾಫ್ನೆ ಬರಾಕ್-ಎರೆಜ್. ಜನರನ್ನು ಎಬ್ಬಿಸುವ ನಿರ್ಧಾರದಲ್ಲಿ ದೋಷವಿದೆ, ಸರ್ಕಾರ ಮತ್ತೆ ಯೋಚಿಸಲಿ, ಹೊಸ ಊರಿನಲ್ಲೇ ಇವರಿಗೆ ಜಾಗ ಕೊಡುವ ಸಾಧ್ಯತೆ ನೋಡಲಿ ಎಂಬುದು ಅವರ ನಿಲುವು. ಊರಿನವರೂ ಅದಕ್ಕೆ ತಯಾರಿದ್ದರು. ಹಿರಾನ್ ಕಟ್ಟಿ, ನಾವೂ ಅದರಲ್ಲಿ ಒಂದು ಬಡಾವಣೆಯಾಗಿ ಇರುತ್ತೇವೆ ಎಂದಿದ್ದರು. ಇದಕ್ಕಿಂತ ಕಡಿಮೆ ಏನನ್ನು ಕೇಳಲು ಸಾಧ್ಯ ಹೇಳಿ. ಆದರೆ ಬಾಗಿಲು ತೆರೆದಿದೆ ಎಂಬ ಕೋರ್ಟಿನ ಮಾತು ಕಾಗದದಲ್ಲೇ ಉಳಿಯಿತು. ಹಿರಾನ್‌ಗೆ ಬರಲಿದ್ದ ಕುಟುಂಬಗಳ ಸಂಘದ ನಿಯಮಗಳಲ್ಲಿ ಸದಸ್ಯರು ಧಾರ್ಮಿಕ ಕಟ್ಟಳೆ ಪಾಲಿಸುವ ಯಹೂದಿಗಳಾಗಿರಬೇಕು ಎಂದಿದ್ದುದು ಹೊರಗೆ ಬಂತು. ಮರುವಿಚಾರಣೆಯ ಅರ್ಜಿಯೂ 2016ರ ಜನವರಿಯಲ್ಲಿ ಬಿದ್ದುಹೋಯಿತು.

2017ರ ಜನವರಿ 18

ಬೆಳಕು ಹರಿಯುವ ಮೊದಲೇ ನೂರಾರು ಪೊಲೀಸರು ಮನೆಗಳನ್ನು ಕೆಡವಲು ಬಂದರು. ಯಾಕೂಬ್ ಅಬು ಅಲ್-ಕಿಯಾನ್ ಎಂಬ ಗಣಿತದ ಮೇಷ್ಟ್ರು ತಮ್ಮ ಮನೆ ಬೀಳುವುದನ್ನು ನೋಡಲಾರೆ ಎಂದು ಕಾರು ಹತ್ತಿ ಹೊರಟರು. ಪೊಲೀಸರು ಗುಂಡು ಹಾರಿಸಿದರು. ಇಳಿಜಾರಿನಲ್ಲಿ ಕಾರು ಪೊಲೀಸರ ಮೇಲೆ ನುಗ್ಗಿತು. ಎರೆಜ್ ಲೆವಿ ಎಂಬ ಪೊಲೀಸ್ ಸಿಬ್ಬಂದಿ ಸತ್ತರು, ಮೇಷ್ಟ್ರೂ ಸತ್ತರು. ಅಲ್ಲಿಗೆ ಬಂದಿದ್ದ ಸಂಸದ ಐಮನ್ ಓದೆ ಅವರ ತಲೆಗೆ ಗಾಯವಾಯಿತು.

ಮೇಷ್ಟ್ರನ್ನು ಭಯೋತ್ಪಾದಕ ಎಂದು ಪೊಲೀಸರು ಮತ್ತು ಸಚಿವರು ಅಂದೇ ಘೋಷಿಸಿದರು. ಐಸಿಸ್ ನಂಟಿನ ಮಾತೂ ಬಂತು. ಆದರೆ ಪೊಲೀಸರದ್ದೇ ಹೆಲಿಕಾಪ್ಟರ್ ತೆಗೆದ ವಿಡಿಯೋದಲ್ಲಿ ಕಾರು ನಿಧಾನವಾಗಿ ಬರುತ್ತಿತ್ತು, ಗುಂಡು ಹಾರಿದ ಮೇಲೆ ವೇಗ ಹೆಚ್ಚಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಬೆಂಜಮಿನ್ ನೆತನ್ಯಾಹು ಆ ಕುಟುಂಬದ ಕ್ಷಮೆ ಕೇಳಿದರು. ಅವರು ಭಯೋತ್ಪಾದಕರಾಗಿರಲಿಲ್ಲ ಎಂಬುದು ಗೊತ್ತಾಗಿದೆ ಎಂದರು. ಕ್ಷಮೆ ಬರುವ ಹೊತ್ತಿಗೆ ಮೂರೂವರೆ ವರ್ಷ ಕಳೆದಿತ್ತು. ಎರಡೂ ಮನೆಗಳಿಗೆ ಹೋದ ಜೀವ ವಾಪಸ್ ಬರುವಂತಿರಲಿಲ್ಲ.

ಆ ದಿನದ ನಂತರ ಊರಿನವರಲ್ಲಿ ಹೋರಾಡುವ ತ್ರಾಣ ಕುಗ್ಗಿತು. 2018ರ ಏಪ್ರಿಲ್‌ನಲ್ಲಿ ಅವರು ಒಪ್ಪಂದಕ್ಕೆ ಸಹಿ ಹಾಕಿದರು. ಹುರಾದಲ್ಲಿ ನಿವೇಶನ ತಗೊಂಡು ಊರು ಬಿಡುವುದು ಎಂದಾಯಿತು. ಸ್ಥಳಾಂತರ ಮಾತ್ರ ಎಳೆಯುತ್ತಾ ಹೋಗಿ 2024ರ ತನಕ ಬಂತು. ಹಿರಾನ್‌ಗೆ ಈಗ ಡ್ರೋರ್ ಎಂಬ ಹೊಸ ಹೆಸರು.

ಸಿಕ್ಕವರಿಗೆ ಸಿಕ್ಕಿದ್ದು ಯಾಕೆ

ಇದೇ ಈಶಾನ್ಯ ನೆಗೆವ್‌ನಲ್ಲಿ, ಅರಾದ್ ಪಟ್ಟಣದ ದಿಕ್ಕಿನಲ್ಲಿ, ದ್ರಿಜಾತ್ ಎಂಬ ಹಳ್ಳಿ ಇದೆ. ಹೆಬ್ರಾನ್ ಬೆಟ್ಟಗಳ ಕಡೆಯಿಂದ ಬಂದ ರೈತರ ವಂಶದವರು ಅಲ್ಲಿದ್ದಾರೆ. ಹಿಂದೆ ಗುಹೆಗಳಲ್ಲೇ ವಾಸ. 2004ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು. ಮರುವರ್ಷ ಮನೆಗಳಿಗೆ, ಶಾಲೆಗೆ, ಬೀದಿ ದೀಪಗಳಿಗೆ ಸರ್ಕಾರದ ಸೋಲಾರ್ ಬಂತು. ಈಗ ಪ್ರವಾಸಿಗಳು ಆ ಗುಹೆಗಳನ್ನು ನೋಡಲು ಹೋಗುತ್ತಾರೆ. 2021ರ ನವೆಂಬರ್‌ನಲ್ಲಿ, ಮನ್ಸೂರ್ ಅಬ್ಬಾಸ್ ಅವರ ಅರಬ್ ಪಕ್ಷ ಸರ್ಕಾರದಲ್ಲಿ ಪಾಲುದಾರನಾಗಿದ್ದಾಗ, ಖಶಮ್ ಜನ್ನಾ, ರಹ್ಮಾ, ಅಬ್ದಾ ಎಂಬ ಮೂರು ಹಳ್ಳಿಗಳಿಗೆ ಮಾನ್ಯತೆ ಕೊಡುವ ನಿರ್ಧಾರವಾಯಿತು.

ಹೀಗೆ ಪಕ್ಕ ಪಕ್ಕ ಇಟ್ಟು ನೋಡಿದರೆ ಎಷ್ಟು ವರ್ಷದಿಂದ ಇದ್ದಾರೆ, ಯಾರು ತಂದು ಇಟ್ಟರು ಎಂಬುದಕ್ಕೆ ಬೆಲೆ ಕಡಿಮೆ ಅನ್ನಿಸುತ್ತದೆ. ಆ ಜಾಗದ ಮೇಲೆ ಬೇರೆ ಯಾರ ಕಣ್ಣಿದೆ, ಆ ಹೊತ್ತಿಗೆ ಸರ್ಕಾರದಲ್ಲಿ ಊರಿನ ಪರ ಮಾತಾಡುವವರು ಯಾರಿದ್ದಾರೆ ಎಂಬುದೇ ನಿರ್ಣಾಯಕವಾಗುತ್ತಿದೆ. ಮಾನ್ಯತೆ ಸಿಕ್ಕ ತಕ್ಷಣ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ವಿವರವಾದ ನಕ್ಷೆ ತಯಾರಾಗುವ ತನಕ ಪರವಾನಗಿ ಇಲ್ಲ. ಮಾನ್ಯತೆ ಬಂದು ವರ್ಷಗಳಾದರೂ ಪೈಪ್, ರಸ್ತೆ ಕಾಣದ ಹಳ್ಳಿಗಳಿವೆ. ಆದರೂ ಆ ಊರಿನವರು ಕೇಳಲು ಒಂದು ಕಚೇರಿ ಇದೆ, ತೋರಿಸಲು ಒಂದು ಆದೇಶ ಇದೆ.

ಈಗ ಇದೇ ಪ್ರಶ್ನೆ ಡಿಮೋನಾ ಪಟ್ಟಣದ ಅಂಚಿನಲ್ಲಿರುವ ರಾಸ್ ಜ್ರಾಬಾ ಹಳ್ಳಿಯಲ್ಲಿ ಎದ್ದಿದೆ. ಅಲ್ಲಿ ಸುಮಾರು 500 ಬೆದೂಯಿನ್ನರಿದ್ದಾರೆ. ಡಿಮೋನಾಗೆ ಹೊಸ ಬಡಾವಣೆ ಬೇಕು, ಅದಕ್ಕೆ ಗುರುತಿಸಿದ ಜಾಗ ಈ ಹಳ್ಳಿ. 2023ರ ಜುಲೈನಲ್ಲಿ ಬೀರ್‌ಶೆಬಾ ಕೋರ್ಟ್ ಅವರನ್ನು ಹೊರಹಾಕಲು ಆದೇಶಿಸಿತು. ಅವರು ಕೇಳಿದ್ದು ಉಮ್ ಅಲ್-ಹಿರಾನ್‌ನವರು ಕೇಳಿದ್ದನ್ನೇ: ಬಡಾವಣೆ ಕಟ್ಟಿ, ನಮ್ಮ ಮನೆಗಳನ್ನೂ ಅದರೊಳಗೆ ಸೇರಿಸಿಕೊಳ್ಳಿ, ಡಿಮೋನಾದ ನಿವಾಸಿಗಳಾಗಿ ಇರುತ್ತೇವೆ. ಈ ಪ್ರಕರಣವನ್ನು ಹಿಂಬಾಲಿಸುವವರು ಕೋರ್ಟಿನ ಜೊತೆಗೆ ಯೋಜನಾ ಸಮಿತಿಯ ಕಡತಗಳ ಮೇಲೂ ಕಣ್ಣಿಡಬೇಕು. ಬಡಾವಣೆಯ ಗೆರೆಗಳನ್ನು ಎಳೆಯುವುದು ಅಲ್ಲಿ, ಈಗಿರುವ ಮನೆಗಳನ್ನು ಉಳಿಸಿಕೊಂಡು ಅವನ್ನು ಎಳೆಯುವ ಅಧಿಕಾರ ಇರುವುದೂ ಅಲ್ಲೇ.